ಮಂದೆ ನಾಯಿಯ ಮೊದಲ ಪಾಲು

ಅವತ್ತು ಮಳೆ ಬರುತ್ತಿತ್ತು ಎಂದು ನನ್ನ ಗಂಡ ಹೇಳುತ್ತಾರೆ. ಬರುತ್ತಿರಲಿಲ್ಲ. ಮಳೆ ಬಂದಿದ್ದರೆ ಬಸ್ಸು ನಮ್ಮ ಊರಿನ ತನಕ ಬರುತ್ತಲೇ ಇರಲಿಲ್ಲ, ಹಳ್ಳದ ಆಚೆ ನಿಂತು ತಿರುಗಿಕೊಂಡು ಹೋಗುತ್ತಿತ್ತು. ಬಸ್ಸು ಬಂತು ಎನ್ನುವುದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ಆದ್ದರಿಂದ ಮಳೆ ಇಲ್ಲ. ಇದನ್ನು ನಾನು ವಾದ ಮಾಡಿ ಗೆದ್ದಿದ್ದೇನೆ, ನೆನಪಿನಿಂದ ಗೆದ್ದಿಲ್ಲ. ನೆನಪನ್ನು ಕೇಳಿದರೆ ಅದು ಎರಡನ್ನೂ ತಂದು ಮುಂದಿಡುತ್ತದೆ: ಧೂಳೆದ್ದ ಅಂಗಳ, ಒದ್ದೆ ಕಂಬಳಿಯ ವಾಸನೆ. ಕಂಬಳಿ ಯಾಕೆ ಒದ್ದೆಯಾಯಿತು ಎನ್ನುವುದು ಮುಂದೆ ಬರುತ್ತದೆ. ಅದಕ್ಕೂ ಮಳೆಗೂ ಸಂಬಂಧವಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಪೆನ್ನಾಗರಂನಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಟ್ಟಿ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತಮಿಳು, ಕುರಿಗಳ ಹತ್ತಿರ ಎರಡೂ ಅಲ್ಲದ ಇನ್ನೊಂದು. ಶಾಲೆಯಲ್ಲಿ ನಾನು ಕಲಿತ ಅಕ್ಷರ ತಮಿಳಿನದು. ಈಗ ಬರೆಯುತ್ತಿರುವ ಈ ಅಕ್ಷರ ಮದುವೆಯಾದ ಮೇಲೆ, ಗಂಡ ಕೆಲಸದಲ್ಲಿದ್ದ ಊರಿನಲ್ಲಿ ಕಲಿತದ್ದು. ಹಾಗಾಗಿ ಮದುವೆ ಆಯಿತು ಎನ್ನುವುದನ್ನು ಕೊನೆಯ ತನಕ ಮುಚ್ಚಿಡುವ ಹಾಗಿಲ್ಲ. ಆಯಿತು. ಅದು ಒಂದು ಚಾಕಲೇಟಿನಿಂದ ಹೇಗೆ ಮುರಿದುಬೀಳುವುದರಲ್ಲಿತ್ತು ಎನ್ನುವುದಷ್ಟೇ ಇಲ್ಲಿರುವ ವಿಷಯ.

ನಮ್ಮಲ್ಲಿ ಹೊರಗಿನಿಂದ ಮನೆಗೆ ಯಾವ ತಿನಿಸು ಬಂದರೂ ಮೊದಲ ಪಾಲು ಮಂದೆ ನಾಯಿಗೆ. ಮಂದೆ ಎಂದರೆ ಕುರಿಗಳ ಹಿಂಡು; ಅದನ್ನು ಕಾಯುವ ನಾಯಿ ಮಂದೆ ನಾಯಿ. ಆ ಪಾಲನ್ನು ಮುರಿದು ಕೊಡಬಾರದು. ಬೆಲ್ಲ ಬಂದರೆ ಇಡೀ ಅಚ್ಚು, ಬಾಳೆಹಣ್ಣು ಬಂದರೆ ಇಡೀ ಹಣ್ಣು. ಹೆಣ್ಣು ಕೇಳಲು ಬಂದವರು ತಂದ ತಿನಿಸಾದರೆ ಈ ಪಾಲಿಗೆ ಇನ್ನೊಂದು ಭಾರವಿತ್ತು. ನಾಯಿ ತಿಂದು ಅರಗಿಸಿಕೊಂಡರೆ ಸಂಬಂಧಕ್ಕೆ ಒಪ್ಪಿಗೆ. ಮೂಸಿ ಬಿಟ್ಟರೆ ಒಪ್ಪಿಗೆಯಿಲ್ಲ. ತಿಂದು ಕಕ್ಕಿದರಂತೂ ಮೂಸಿ ಬಿಟ್ಟದ್ದಕ್ಕಿಂತ ಕೆಟ್ಟದ್ದು. ಎಲ್ಲ ಹಟ್ಟಿಗಳಲ್ಲೂ ಹೀಗೇ ಇತ್ತೋ, ಅಥವಾ ಬೇಡವಾದ ನೆಂಟರನ್ನು ಮನಸ್ಸು ನೋಯಿಸದೆ ಕಳಿಸುವುದಕ್ಕೆ ನನ್ನ ಅಜ್ಜಿಯೇ ಕಟ್ಟಿಕೊಂಡ ಪದ್ಧತಿಯೋ, ನನಗೆ ಇವತ್ತಿಗೂ ಅನುಮಾನ. ಯಾಕೆಂದರೆ ತಾರಮಂಗಲಂ ಕಡೆಯಿಂದ ಒಬ್ಬರು ನನ್ನನ್ನು ಕೇಳಲು ಬಂದ ದಿನ ಬೆಳಿಗ್ಗೆ ಅಜ್ಜಿ ನಾಯಿಗೆ ರಾಗಿ ಮುದ್ದೆಯ ಮೇಲೆ ಮುದ್ದೆ ಹಾಕಿದ್ದನ್ನು ನಾನು ನೋಡಿದ್ದೆ. ಹೊಟ್ಟೆ ಬಿರಿಯುವಷ್ಟು ತಿಂದಿದ್ದ ನಾಯಿ ಅವರ ಮಿಠಾಯಿಯನ್ನು ಮೂಸಿ, ಪಕ್ಕದ ಕಲ್ಲಿಗೆ ಕಾಲೆತ್ತಿ ಹೊರಟುಹೋಯಿತು. ಅವರೂ ಹೋದರು.

ಈ ಸಲ ನಾಯಿಗೆ ಬೆಳಿಗ್ಗೆಯಿಂದ ಏನೂ ಹಾಕಿರಲಿಲ್ಲ.

ಅದನ್ನು ನೋಡಿ ನನ್ನ ಎದೆ ಹಗುರಾಗಿತ್ತು. ಈ ಸಂಬಂಧ ಕೂಡಿಬರದಿದ್ದರೆ ನನ್ನನ್ನು ಕಾರಿಮಂಗಲಂನಲ್ಲಿದ್ದ ನಮ್ಮ ಅವ್ವನ ತಮ್ಮನಿಗೆ ಕೊಡುವುದು ಎಂದು ಮಾತಾಗಿತ್ತು. ಅವರಿಗೆ ಹೆಂಡತಿ ತೀರಿಕೊಂಡಿದ್ದಳು, ಸೋದರಮಾವನ ಹಕ್ಕೂ ಇತ್ತು. ಕೆಟ್ಟವರಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವರು. ಅದೇ ತೊಂದರೆ.

ಬಂದವರು ಇಬ್ಬರು. ಹುಡುಗ, ಮತ್ತು ಹುಡುಗನ ಮಾವ. ಮೆಟ್ಟೂರು ಕಡೆಯವರು, ನಮ್ಮವರೇ, ಆದರೆ ಅಜ್ಜನ ಕಾಲದಲ್ಲೇ ಕುರಿ ಬಿಟ್ಟು ಹೊಲ ಹಿಡಿದವರು. ಹುಡುಗ ಮಿಲಿಟರಿಯಲ್ಲಿದ್ದರು, ರಜೆಗೆ ಬಂದಿದ್ದರು. ನಮ್ಮ ಅಪ್ಪ ಬೆಳಿಗ್ಗೆಯೇ ಮಂದೆಯಿಂದ ನಾಯಿಯನ್ನು ಕರೆತಂದು ಬಿಟ್ಟು, "ನಾಯಿ ಇಲ್ದೆ ಮಂದೆ ಬಿಡಾಕಾಗಲ್ಲ, ನಾನಾದ್ರೂ ಇರ್ಬೇಕು. ಅವ್ವ ಏಳ್ದಂಗೆ ಆಗ್ಲಿ" ಎಂದು ತೀರ್ಮಾನವನ್ನು ತನ್ನ ಅವ್ವನಿಗೆ, ಅಂದರೆ ನನ್ನ ಅಜ್ಜಿಗೆ, ಒಪ್ಪಿಸಿ ವಾಪಸು ಹೋಗಿದ್ದ. ಅಂದರೆ ನನ್ನ ಮದುವೆ ಮಾತಿನ ದಿನ ನಾಯಿಯ ಕೆಲಸ ಅಪ್ಪನಿಗೆ, ಅಪ್ಪನ ಕೆಲಸ ನಾಯಿಗೆ.

ಬಾಗಿಲ ಹಿಂದೆ ನಿಂತು ನಾನು ಕಂಡದ್ದು ಹುಡುಗನ ಬೂಟುಗಳನ್ನು ಮಾತ್ರ. ಅಷ್ಟು ಹೊಳೆಯುವ ಚರ್ಮವನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವರು ಚೀಲದಿಂದ ಎರಡು ಪೊಟ್ಟಣ ತೆಗೆದು ಅಜ್ಜಿಯ ಮುಂದೆ ಇಟ್ಟರು.

"ಏನಪ್ಪಾ ಇದು, ಸೋಪಾ?" ಎಂದಳು ಅಜ್ಜಿ.

"ಚಾಕಲೇಟು ಅಜ್ಜಿ. ಮಿಲಿಟ್ರೀದು."

"ಇಷ್ಟು ದಪ್ಪ?"

"ಅಲ್ಲಿ ಎಲ್ಲಾ ದಪ್ಪವೇ ಅವ್ವಾ," ಎಂದರು ಅವರ ಮಾವ. "ರೊಟ್ಟೀನೂ ದಪ್ಪ, ಕಂಬ್ಳೀನೂ ದಪ್ಪ. ಇವ್ನೊಬ್ಬನೇ ಸಣ್ಣ."

ನಮಗೆ ಚಾಕಲೇಟು ಗೊತ್ತಿಲ್ಲದ್ದೇನಲ್ಲ. ಅಂಗಡಿಯ ಗಾಜಿನ ಬಾಟಲಿಯಲ್ಲಿದ್ದ ಸಕ್ಕರೆ ಉಂಡೆಗಳನ್ನೆಲ್ಲ ನಾವು ಚಾಕಲೇಟು ಎಂದೇ ಕರೆಯುತ್ತಿದ್ದೆವು. ನಾಯಿ ಅವನ್ನು ಎಷ್ಟೋ ಸಲ ತಿಂದಿತ್ತು, ಬಾಲ ಆಡಿಸಿತ್ತು. ಇದು ಅದಲ್ಲ ಎಂದು ಯಾರಿಗೆ ಗೊತ್ತು? ಇದು ಹಿಮದ ಬೆಟ್ಟದ ಮೇಲೆ ಕಾವಲಿರುವವರಿಗೆ ಮೈ ಬಿಸಿಯಾಗಿರಲಿ ಎಂದು ಕೊಡುವಂಥದ್ದು. ಕಪ್ಪು, ಗಟ್ಟಿ, ಅಂಗೈ ಅಗಲ. ತಮ್ಮ ಪಾಲಿನದನ್ನು ತಿನ್ನದೆ ಉಳಿಸಿ ತಂದಿದ್ದರಂತೆ. ಅಜ್ಜಿ ಒಂದರ ಬೆಳ್ಳಿ ಕಾಗದ ಬಿಚ್ಚಿದಳು, ಮುತ್ತುಗದ ಎಲೆಯ ಮೇಲೆ ಇಡಿಯಾಗಿ ಇಟ್ಟಳು, ನಾಯಿಯ ಮುಂದೆ ಸರಿಸಿದಳು.

ನಾಯಿ ಮೂಸಲಿಲ್ಲ. ಹಸಿದ ನಾಯಿ ಯಾಕೆ ಮೂಸುತ್ತದೆ? ಕಟಕಟ ಎಂದು ತಿಂದು ಎಲೆ ನೆಕ್ಕಿತು, ಆಮೇಲೆ ಕಾಗದ ನೆಕ್ಕಿತು, ಆಮೇಲೆ ಅಜ್ಜಿಯ ಬೆರಳು ನೆಕ್ಕಿತು.

"ತಿಂತು!" ಎಂದು ಮಾವ ತೊಡೆ ತಟ್ಟಿದರು. "ವೀಳ್ಯ ತನ್ನಿ ಇನ್ನ. ಎಂಥಾ ಗ್ಯಾನದ ನಾಯಿ ಅವ್ವಾ ಇದು!"

ಆಗ ಹುಡುಗ ಎದ್ದು ನಿಂತರು. ನಾಯಿ ಇನ್ನೂ ಅಗಿಯುತ್ತಿರುವಾಗಲೇ ತಾನು ಕೂಗಿದೆ ಎಂದು ಅವರ ವಾದ. ನಮ್ಮ ಅವ್ವ ಕೊಟ್ಟ ಕಾಫಿಯನ್ನು ಅರ್ಧ ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ಎದ್ದರು ಎಂದು ನನ್ನ ವಾದ. ಲೋಟ ಕಲ್ಲಿಗೆ ತಾಗಿದ ಸದ್ದು ನನ್ನ ಕಿವಿಯಲ್ಲಿದೆ. ಆದರೆ ಸದ್ದುಗಳು ಆಮೇಲೆ ಬಂದು ಸೇರಿಕೊಳ್ಳುತ್ತವೆ, ಅವನ್ನು ನಂಬುವ ಹಾಗಿಲ್ಲ. ಅವರು ಆ ಅರ್ಧ ಲೋಟದಷ್ಟು ಹೊತ್ತು ಯೋಚಿಸಿದರು ಎಂದು ಅಂದುಕೊಳ್ಳುವುದು ನನಗೆ ಇಷ್ಟ. ಯೋಚಿಸದೆ ಹೇಳಿದ್ದರೆ ಅದಕ್ಕೆ ಅಷ್ಟು ಬೆಲೆ ಇಲ್ಲ.

"ಅಜ್ಜಿ, ನಾಯಿಗೆ ಇದು ಆಗಲ್ಲ."

"ಆಗಲ್ಲ ಅಂದ್ರೆ?"

"ನಮ್ ಪೋಸ್ಟಲ್ಲಿ ಒಂದು ನಾಯಿ ಇಂಗೇ ತಿಂದ್ಬಿಡ್ತು. ಓಡಾಡ್ತು, ನಡುಗ್ತು, ಸತ್ತೋಯ್ತು."

"ಬೆಟ್ಟದ ನಾಯಿ ಕಣ್ಲಾ ಅದು, ಚಳೀಗೆ ಸತ್ತಿರ್ತೈತೆ," ಎಂದರು ಮಾವ. "ಕುಂತ್ಕಾ ನೀನು. ಕಾಫಿ ಕುಡಿ."

"ಇಲ್ಲ ಮಾವ. ಕಪ್ಪಗಿರೋ ಚಾಕಲೇಟು ನಾಯಿಗೆ ಇಷ ಅಂತ ಅಲ್ಲಿ ಡಾಕ್ಟ್ರೇ ಅಂದ್ರು. ಕಕ್ಕಿಸ್ಬೇಕು. ಬೇಗ ಕಕ್ಕಿಸ್ಬೇಕು."

ಕಕ್ಕಿಸುವ ಮಾತು ಬಂದದ್ದೇ ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ನಮ್ಮ ಪದ್ಧತಿ ಏನೆಂದು ಅವರ ಮಾವ ಬಸ್ಸಿನಲ್ಲೇ ಅವರಿಗೆ ಹೇಳಿ ಕರೆತಂದಿದ್ದರು. ಅದು ನಮಗೂ ಗೊತ್ತಿತ್ತು.

"ಕಕ್ಕಿದ್ರೆ ಏನು ಅಂತ ಗೊತ್ತೇನಪ್ಪ ನಿಂಗೆ?" ಎಂದಳು ಅಜ್ಜಿ.

"ಗೊತ್ತು ಅಜ್ಜಿ. ಕಕ್ಕದೆ ಇದ್ರೆ ಏನು ಅಂತ್ಲೂ ಗೊತ್ತು."

ನಾನು ಬೂಟಿನಿಂದ ಕಣ್ಣೆತ್ತಿ ಮುಖ ನೋಡಿದ್ದು ಆಗ. ಕಿವಿ ಸ್ವಲ್ಪ ದೊಡ್ಡದು. ಹಣೆಯ ಮೇಲೆ ಟೋಪಿ ಕೂತಿದ್ದ ಜಾಗದಲ್ಲಿ ಗೆರೆ. ಗೆರೆಯ ಮೇಲೆ ಬಿಳುಪು, ಕೆಳಗೆ ಕಪ್ಪು. ಆ ಗೆರೆಯನ್ನು ಮುಟ್ಟಿ ನೋಡಬೇಕು ಅನ್ನಿಸಿತು. ನಾಯಿ ಸಾಯಬಾರದು ಅನ್ನಿಸಿತು. ಕಕ್ಕಲೂಬಾರದು ಅನ್ನಿಸಿತು. ಮೂರೂ ಒಟ್ಟಿಗೆ.

ಸ್ವಲ್ಪ ಹೊತ್ತು ನಾಯಿಗೆ ಏನೂ ಆಗಲಿಲ್ಲ. ಮಾವ ಗೆದ್ದವರ ಹಾಗೆ ನಗುತ್ತಿದ್ದರು. ಆಮೇಲೆ ಅದು ಕಲ್ಲುಬಾನಿಯ ನೀರನ್ನೆಲ್ಲ ಕುಡಿಯಿತು. ಅಂಗಳದಲ್ಲಿ ಆ ತುದಿಗೂ ಈ ತುದಿಗೂ ಓಡಾಡಿತು, ಮಲಗಿತು, ಎದ್ದಿತು, ಮತ್ತೆ ಓಡಾಡಿತು. ಬಿಸಿಲಿನಲ್ಲಿ ಕುರಿ ಅಟ್ಟಿ ಬಂದ ಹಾಗೆ ನಾಲಗೆ ಚಾಚಿ ಏದುಸಿರು ಬಿಟ್ಟಿತು. ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಹೆಣ್ಣು ನೋಡುವ ಶಾಸ್ತ್ರ ಅಲ್ಲಿಗೆ ಮುಗಿಯಿತು. ನನ್ನನ್ನು ಯಾರೂ ನೋಡಲಿಲ್ಲ, ಎಲ್ಲರೂ ನಾಯಿಯನ್ನು ನೋಡುತ್ತಿದ್ದರು.

ಅಜ್ಜಿಗೆ ಗೊತ್ತಿದ್ದದ್ದು ಕುರಿಯ ವೈದ್ಯ. ವಿಷದ ಸೊಪ್ಪು ತಿಂದ ಕುರಿಗೆ ಇದ್ದಿಲ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಗೊಟ್ಟದಲ್ಲಿ ಕುಡಿಸುವುದು. ಗೊಟ್ಟ ಎಂದರೆ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ಕುರಿಯ ತಲೆ ಎತ್ತಿ ಹಿಡಿದು ಬಾಯಿಯ ಪಕ್ಕದಿಂದ ತೂರಿಸಿ ಸುರಿಯುತ್ತಾರೆ. ಇದರಿಂದ ಕುರಿ ಕಕ್ಕುವುದಿಲ್ಲ, ವಿಷ ಒಳಗೇ ಇಂಗಿಹೋಗುತ್ತದೆ ಎಂದು ಅಜ್ಜಿಯ ಲೆಕ್ಕ. ನಾಯಿಯೂ ಉಳಿಯುತ್ತದೆ, ಸಂಬಂಧವೂ ಉಳಿಯುತ್ತದೆ. ನಾನು ತಲೆ ಹಿಡಿದೆ, ಅವ್ವ ಸೊಂಟ ಹಿಡಿದಳು, ಅಜ್ಜಿ ಗೊಟ್ಟ ತೂರಿಸಿದಳು. ಕುರಿ ಗೊಟ್ಟವನ್ನು ಕಚ್ಚುವುದಿಲ್ಲ. ನಾಯಿ ಕಚ್ಚಿತು. ಗೊಟ್ಟ ಸೀಳಿಹೋಗಿ ಕಪ್ಪು ಮಜ್ಜಿಗೆ ಅಜ್ಜಿಯ ಮುಖಕ್ಕೂ ನನ್ನ ಹೊಸ ಸೀರೆಗೂ ನಾಯಿಗೆ ಹೊದಿಸಿದ್ದ ಕಂಬಳಿಗೂ ಹಾರಿತು. ಇದೇ ಆ ಒದ್ದೆ ಕಂಬಳಿ.

"ಪೆನ್ನಾಗರದಲ್ಲಿ ಮಾಟ್ಟಾಸ್ಪತ್ರೆ ಐತಲ್ಲ ಅಜ್ಜಿ," ಎಂದರು ಹುಡುಗ. ದನದ ಆಸ್ಪತ್ರೆಗೆ ನಮ್ಮಲ್ಲಿ ಎಲ್ಲರೂ ಹಾಗೇ ಅನ್ನುವುದು.

ಅವರನ್ನು ಇಳಿಸಿ ಮುಂದಿನ ಊರಿಗೆ ಹೋಗಿದ್ದ ಬಸ್ಸು ವಾಪಸು ಬರುವ ಹೊತ್ತಾಗಿತ್ತು. ನಾಯಿಯನ್ನು ಅದೇ ಕಂಬಳಿಯಲ್ಲಿ ಸುತ್ತಿದೆವು. ಅವ್ವ ಮನೆಯಲ್ಲಿ ಉಳಿದಳು. ನಾನು ಮುಟ್ಟಿಕೊಂಡಿದ್ದರೆ ಮಾತ್ರ ನಾಯಿ ಸುಮ್ಮನಿರುತ್ತಿದ್ದದ್ದರಿಂದ ನನ್ನನ್ನು ಬಿಟ್ಟು ಹೋಗುವಂತಿರಲಿಲ್ಲ. ಅದು ಭಾರವಾಗಿದ್ದದ್ದರಿಂದ ಹುಡುಗನನ್ನು ಬಿಟ್ಟು ಹೋಗುವಂತಿರಲಿಲ್ಲ. ನಮ್ಮಿಬ್ಬರನ್ನು ಜೊತೆಯಲ್ಲಿ ಕಳಿಸುವಂತಿಲ್ಲದ್ದರಿಂದ ಅಜ್ಜಿ ಬಂದಳು. ನಾಯಿ ಎಲ್ಲಿ ಕಕ್ಕಿಬಿಡುತ್ತದೋ ಎಂದು ಮಾವ ಬಂದರು.

ಹಿಂದಿನ ಉದ್ದ ಸೀಟಿನಲ್ಲಿ ಕೂತೆವು. ನಾಯಿಯ ತಲೆ ನನ್ನ ಮಡಿಲಲ್ಲಿ, ಬಾಲ ಹುಡುಗನ ಮಡಿಲಲ್ಲಿ. ಕಂಡಕ್ಟರ್ ಬಂದು ಕಂಬಳಿಯನ್ನು ನೋಡಿದ.

"ಎನ್ನ ಪಾಟಿ, ಆಟ್ಟುಕ್ಕುಟ್ಟಿಯಾ?" ಏನಜ್ಜಿ, ಕುರಿಮರಿಯೇ ಎಂದು ಕೇಳುತ್ತಿದ್ದ. ಕುರಿಮರಿ ಬಸ್ಸಿನಲ್ಲಿ ದಿನಾ ಬರುತ್ತಿತ್ತು. ನಾಯಿಗೆ ಜಾಗವಿರಲಿಲ್ಲ.

"ಆಮಾ, ಕುಟ್ಟಿ," ಎಂದಳು ಅಜ್ಜಿ, ಕಣ್ಣು ಮಿಟುಕಿಸದೆ.

ನಾಯಿ ಬೊಗಳಿತು.

ಕಂಡಕ್ಟರ್ ಅಜ್ಜಿಯನ್ನು ನೋಡಿದ. ಅಜ್ಜಿ ಕಿಟಕಿಯ ಆಚೆ ನೋಡಿದಳು. "ಮೈಗೆ ಉಸಾರಿಲ್ಲ ಸಾಮಿ," ಎಂದಳು ತಮಿಳಿನಲ್ಲಿ, "ಅದ್ಕೇ ದನಿ ಕೆಟ್ಟೋಗೈತೆ."

ಇಡೀ ಬಸ್ಸು ನಕ್ಕಿತು. ಡ್ರೈವರ್ ಹಿಂದಕ್ಕೆ ತಿರುಗಿ ನೋಡಿ ಏನಾಯಿತೆಂದು ಕೇಳಿ ತಾನೂ ನಕ್ಕ. ಕಂಡಕ್ಟರ್ ತಾನು ಕೇಳಿಸಿಕೊಂಡೇ ಇಲ್ಲ ಎನ್ನುವ ಹಾಗೆ ಸೀಟಿ ಊದಿ ಮುಂದಕ್ಕೆ ಹೋದ. ಎದುರಿಗಿದ್ದ ಒಬ್ಬ ಹೆಂಗಸು ಅಜ್ಜಿಯ ಕಪ್ಪು ಮುಖ ನೋಡಿ, ಮನೆಯಲ್ಲಿ ಬೆಂಕಿ ಬಿತ್ತಾ ಎಂದು ಕೇಳಿದಳು. "ಊ, ಸ್ವಲ್ಪ," ಎಂದಳು ಅಜ್ಜಿ.

ಆ ಗಲಾಟೆಯ ಮರೆಯಲ್ಲಿ ನಾನು ನನ್ನ ಗಂಡನ ಜೊತೆ ಮೊದಲ ಮಾತಾಡಿದೆ. ಏನು ಮಾತು ಎನ್ನುವುದಕ್ಕೆ ನಮ್ಮಲ್ಲಿ ಎರಡು ಪಾಠಗಳಿವೆ. ನಾನು "ಸಾಯ್ತೈತಾ?" ಎಂದೆ ಎಂದು ಅವರು ಹೇಳುತ್ತಾರೆ. "ನಿಮ್ ಪೋಸ್ಟಿನ ನಾಯಿ ಯಾವ ಬಣ್ಣ ಇತ್ತು?" ಎಂದು ಕೇಳಿದೆ ಎಂದು ನಾನು ಹೇಳುತ್ತೇನೆ. ಮುಂದಿನದರಲ್ಲಿ ಇಬ್ಬರಿಗೂ ಒಪ್ಪಿಗೆ ಇದೆ.

"ನೀವು ಸುಮ್ಕಿದ್ದಿದ್ರೆ ಆಗ್ಲೇ ವೀಳ್ಯ ಆಗೋಗಿರೋದು," ಎಂದೆ.

"ಇರಾಕಾಗ್ಲಿಲ್ಲ," ಎಂದರು.

ನಾಯಿಯ ಎದೆ ನನ್ನ ಅಂಗೈ ಕೆಳಗೆ ಓಡುತ್ತಿತ್ತು. ಓಡಿ ಬಂದ ನಾಯಿಯ ಎದೆಯನ್ನು ನಾನು ಎಷ್ಟೋ ಸಲ ಮುಟ್ಟಿದ್ದೇನೆ. ಇದು ಆ ತರ ಅಲ್ಲ. ಹಿಡಿದ ಹಕ್ಕಿಯ ಎದೆಯ ತರ.

ಡಾಕ್ಟರು ಚಿಕ್ಕ ವಯಸ್ಸಿನವರು. ಒಂದು ಎಮ್ಮೆಯ ಕಾಲು ತೊಳೆಯುತ್ತಿದ್ದವರು ನಮ್ಮನ್ನು ನೋಡಿ ಅದನ್ನು ಅಲ್ಲೇ ಬಿಟ್ಟು ಬಂದರು. ಮೂರೇ ಪ್ರಶ್ನೆ ಕೇಳಿದರು. ಎನ್ನ ಸಾಪ್ಟುಚ್ಚು, ಎವ್ವಳವು, ಎಪ್ಪೋ. ಏನು ತಿಂತು, ಎಷ್ಟು, ಯಾವಾಗ. ಹುಡುಗ ಜೇಬಿನಿಂದ ಬೆಳ್ಳಿ ಕಾಗದವನ್ನೂ ಹೊರಗಿನ ಕಂದು ಕಾಗದವನ್ನೂ ತೆಗೆದು ತೋರಿಸಿದರು. ಅದನ್ನು ಅವರು ಯಾವಾಗ ಎತ್ತಿಟ್ಟುಕೊಂಡರೋ ಗೊತ್ತಿಲ್ಲ. ಡಾಕ್ಟರು ಬಹಳ ಒಳ್ಳೆಯದು ಮಾಡಿದಿರಿ ಎಂದರು. ಈಗ ನಮ್ಮ ಬೀದಿಯಲ್ಲಿ ಯಾರ ಮನೆಯ ನಾಯಿ ಚಾಕಲೇಟು ತಿಂದರೂ ನನ್ನ ಹತ್ತಿರ ಓಡಿ ಬರುತ್ತಾರೆ. ನಾನು ಹೇಳುವುದು ಇಷ್ಟೇ: ಮನೆ ಮದ್ದು ಮಾಡುತ್ತ ಕೂರಬೇಡಿ, ಉಪ್ಪುನೀರು ಕುಡಿಸಬೇಡಿ, ನಡುಗುವ ತನಕ ಕಾಯಬೇಡಿ. ಕಾಗದ ತೆಗೆದುಕೊಳ್ಳಿ, ನಾಯಿಯನ್ನು ಎತ್ತಿಕೊಳ್ಳಿ, ಡಾಕ್ಟರ ಹತ್ತಿರ ಓಡಿ. ಚಾಕಲೇಟು ಕಪ್ಪಾದಷ್ಟೂ ಬೇಗ ಓಡಿ.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು. ಸೂಜಿಗೆ ಮದ್ದು ತುಂಬಿದರು. ಇದು ಹಾಕಿದರೆ ಈಗಲೇ ಕಕ್ಕುತ್ತದೆ, ಸ್ವಲ್ಪ ದೂರ ನಿಲ್ಲಿ ಎಂದರು.

ಮಾವ ಅಡ್ಡ ಬಂದು ಕೈ ಮುಗಿದರು. "ಸಾರ್, ವಾಂದಿ ವರಕ್ಕೂಡಾದು ಸಾರ್!" ವಾಂತಿ ಬರಬಾರದು ಎಂದು.

"ಯಾಕೆ ಬರಬಾರದು?"

ಮಾವ ಹೇಳಿದರು. ಹೆಣ್ಣು ಕೇಳಲು ಬಂದದ್ದು, ಮೊದಲ ಪಾಲು, ನಾಯಿ ಒಪ್ಪಿದ್ದು, ಕಕ್ಕಿದರೆ ಒಪ್ಪಿಗೆ ಕೆಡುವುದು. ಡಾಕ್ಟರು ಸೂಜಿಯನ್ನು ಮೇಲಕ್ಕೆ ಹಿಡಿದುಕೊಂಡೇ ಎಲ್ಲವನ್ನೂ ಕೇಳಿದರು. ನನ್ನನ್ನು ನೋಡಿದರು, ಹುಡುಗನನ್ನು ನೋಡಿದರು, ನಾಯಿಯನ್ನು ನೋಡಿದರು.

"ನಾಯಾ ಮಾಪ್ಪಿಳ್ಳೆ ಪಾಕ್ಕುದು?" ಎಂದರು. ಗಂಡು ನೋಡುವುದು ನಾಯಿಯಾ? ಎಮ್ಮೆಯವನು ಜೋರಾಗಿ ನಕ್ಕ.

ಅಜ್ಜಿ ನಗಲಿಲ್ಲ. ಕಂಬಳಿಯ ಅಂಚಿನಿಂದ ನಾಯಿಯ ಬಾಯಿ ಒರೆಸುತ್ತಿದ್ದಳು. ಈ ಸಂಬಂಧ ಅವಳಿಗೆ ಬೇಕಾಗಿತ್ತು, ಅದಕ್ಕೇ ನಾಯಿಯನ್ನು ಹಸಿದಿರಿಸಿದ್ದಳು. ಹಸಿದಿರಿಸಿದ್ದಕ್ಕೇ ಅದು ಮೂಸದೆ ತಿಂದಿತ್ತು. ಇದೆಲ್ಲ ಅವಳ ತಲೆಯಲ್ಲಿ ಓಡಿತೋ, ನನ್ನ ತಲೆಯಲ್ಲಿ ಓಡಿದ್ದನ್ನು ಈಗ ಅವಳಿಗೆ ಕೊಡುತ್ತಿದ್ದೇನೋ. ಅವಳ ಬಾಯಿಂದ ಬಂದದ್ದು ಒಂದೇ ಮಾತು.

"ಕಕ್ಕಿಸು ಸಾಮಿ."

ನಾಯಿ ಕಕ್ಕಿತು. ಎಲ್ಲಿ ಎನ್ನುವುದರಲ್ಲೂ ಜಗಳವಿಲ್ಲ: ಹುಡುಗನ ಬೂಟುಗಳ ಮೇಲೆ. ಎಡದ ಮೇಲೆ ಒಮ್ಮೆ, ಬಲದ ಮೇಲೆ ಒಮ್ಮೆ. ಅವರು ಕಾಲು ಹಿಂದಕ್ಕೆ ತೆಗೆಯಲಿಲ್ಲ. ನಾಯಿಯ ಹಣೆ ಹಿಡಿದುಕೊಂಡಿದ್ದರು, ಬಿಟ್ಟರೆ ಅದು ಬೀಳುತ್ತಿತ್ತು.

ಡಾಕ್ಟರು ಇನ್ನೊಂದು ಮದ್ದು ಹಾಕಿದರು, ತಟ್ಟೆಯಲ್ಲಿ ಇದ್ದಿಲ ನೀರನ್ನೇ ಇಟ್ಟು ಅದಾಗಿ ನೆಕ್ಕಲು ಬಿಟ್ಟರು. ಅಜ್ಜಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. "ಗೊಟ್ಟ ಮಾತ್ರ ಬೇಡ ಪಾಟಿ," ಎಂದರು ಡಾಕ್ಟರು. "ನಾಯಿಗೆ ಬಲವಂತ ಮಾಡಿ ಸುರಿದರೆ ಶ್ವಾಸಕ್ಕೆ ಹೋಗುತ್ತದೆ." ಕತ್ತಲೆ ಇರುವ ತಂಪು ಜಾಗದಲ್ಲಿ ಮಲಗಿಸಿ, ನೀರು ಇಡಿ, ಆಗಾಗ ಹೊರಗೆ ಕರೆದು ಉಚ್ಚೆ ಹೊಯ್ಯಿಸಿ, ಓಡಲು ಬಿಡಬೇಡಿ ಎಂದರು. ಸ್ವಲ್ಪ ಹೊತ್ತು ಅಲ್ಲೇ ಇರಿಸಿಕೊಂಡು, ಎದೆ ನಿಧಾನವಾದ ಮೇಲೆ ಕಳಿಸಿಕೊಟ್ಟರು. ಪಿಳಿ ಪಿಳಿ ಕಣ್ಣು ಬಿಟ್ಟುಕೊಂಡು ನಾಯಿ ನಮ್ಮೆಲ್ಲರನ್ನೂ ನೋಡಿತು, ಇವರೆಲ್ಲ ಇಲ್ಲಿ ಯಾಕೆ ಸೇರಿದ್ದಾರೆ ಎನ್ನುವ ಹಾಗೆ.

ಬದುಕಿತು. ಆದರೆ ಒಪ್ಪಿಗೆ ಕೆಟ್ಟಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಮಾವ ಮಾತ್ರ ಬಿಡಲಿಲ್ಲ.

"ಸ್ವಲ್ಪ ಒಳಗೆ ಉಳ್ಕಂಡಿರ್ತೈತೆ ಅವ್ವಾ. ಎಲ್ಲಾ ಬಂದಿರಲ್ಲ."

"ಬಂದಿದ್ನ ಎಲ್ರೂ ನೋಡಿದೀವಲ್ಲಪ್ಪ."

"ಅಳದ್ರಾ?"

"ಬೂಟಲ್ಲಿ ಅಳೀತಾರೇನಪ್ಪ?"

"ಒಂದು ಚೂರು ಉಳ್ದಿದ್ರೂ ಒಂದು ಚೂರು ಒಪ್ಪಿಗೆ. ಅಷ್ಟಾದ್ರೂ ಕೊಡಿ."

ಅಜ್ಜಿಗೆ ನಗು ಬಂದಿರಬೇಕು, ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಆದರೆ ತಲೆ ಅಲ್ಲಾಡಿಸಿದಳು. ತಾನೇ ಹೇಳಿದ ಪದ್ಧತಿ, ತಾನೇ ಎಲ್ಲರ ಎದುರಿಗೆ ನಡೆಸಿಕೊಂಡು ಬಂದದ್ದು. ತಾರಮಂಗಲಂನವರನ್ನು ಅದೇ ಮಾತಿನಲ್ಲಿ ಕಳಿಸಿದವಳು ಇವರಿಗೆ ಬೇರೆ ಮಾತು ಹೇಳಲಾರಳು. ನನಗೆ ಕಾರಿಮಂಗಲಂ ಕಾಣತೊಡಗಿತು. ಸೋದರಮಾವನ ಹೆಗಲು ಕಾಣತೊಡಗಿತು.

ಮನೆಗೆ ಬಂದು ನಾಯಿಯನ್ನು ಕಾಳಿನ ಗುಡಾಣಗಳ ಸಂದಿನಲ್ಲಿ, ಕತ್ತಲೆಯಲ್ಲಿ ಮಲಗಿಸಿದೆ. ಹೊರಗೆ ಮಾವ ಚೀಲ ಎತ್ತಿಕೊಳ್ಳುತ್ತಿದ್ದರು. ಬಸ್ಸು ಮುಂದಿನ ಊರಿಗೆ ಹೋಗಿ ಬರುವ ತನಕ ಮಾತ್ರ ಅವರಿಗೆ ಹೊತ್ತು. ಹುಡುಗ ಕಲ್ಲಿನ ಮೇಲೆ ಕೂತು ಬೂಟು ತೊಳೆಯುತ್ತಿದ್ದರು. ಎರಡನೇ ಚಾಕಲೇಟು ಇನ್ನೂ ಅಲ್ಲೇ, ಬಿಚ್ಚದೆ ಬಿದ್ದಿತ್ತು.

"ಅದ್ನೂ ತಗಂಡೋಗಪ್ಪಾ," ಎಂದಳು ಅಜ್ಜಿ. "ಕುರಿ ಗಿರಿ ತಿಂದಾತು."

ನಾನು ಹೋಗಿ ಅದನ್ನು ಎತ್ತಿಕೊಂಡೆ. ಧೈರ್ಯ ಮಾಡಿದೆ ಎಂದು ಬರೆಯಲು ಕೈ ಹೋಗುತ್ತಿದೆ. ಧೈರ್ಯವಲ್ಲ. ಬೆಳಿಗ್ಗೆಯಿಂದ ನಾನೂ ಏನೂ ತಿಂದಿರಲಿಲ್ಲ.

"ಅಜ್ಜಿ, ನಾಯಿಗ್ಯಾಕೆ ಮೊದ್ಲು ಪಾಲು?"

"ಮಂದೆ ಕಾಯ್ತೈತೆ, ಅದ್ಕೆ."

"ನಾನು ಕಾಯಲ್ವಾ?"

ಲಂಗ ಉಡುವ ವಯಸ್ಸಿನಿಂದ ನಾನು ಕುರಿಯ ಹಿಂದೆ ಕಾಡು ಸುತ್ತಿದವಳು. ಆ ನಾಯಿಗೆ ಮಂದೆ ಸುತ್ತುವುದನ್ನು ಕಲಿಸಿದವಳೇ ನಾನು.

"ನಾಯಿಗಿಂತ ಮುಂಚಿಂದ ಕಾಯ್ತಿದೀನಿ. ನಂಗ್ಯಾವತ್ತೂ ಮೊದ್ಲು ಪಾಲು ಕೊಟ್ಟಿಲ್ಲ. ಇವತ್ತು ಕೊಡು."

"ಅಯ್ಯೋ, ಇಷ ಕಣೇ ಅದು!" ಎಂದು ಒಳಗಿನಿಂದ ಅವ್ವ ಓಡಿ ಬಂದಳು.

"ಮನುಷ್ರಿಗೆ ಏನೂ ಆಗಲ್ಲ," ಎಂದರು ಹುಡುಗ. ಒಂದು ಬೂಟು ಕೈಯಲ್ಲಿ, ಒಂದು ಕಾಲಲ್ಲಿ. "ನಾವು ದಿನಾ ತಿಂತಿದ್ವಿ." ಆಮೇಲೆ ನನ್ನ ಕಡೆ ನೋಡದೆ ಸೇರಿಸಿದರು, "ಸ್ವಲ್ಪ ಕಹಿ."

ಅಜ್ಜಿ ನೆಲಕ್ಕೆ ಕೈ ಊರಿ ಎದ್ದಳು, ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡಳು, ಬೆಳ್ಳಿ ಕಾಗದ ಬಿಚ್ಚಿದಳು, ಹೊಸ ಮುತ್ತುಗದ ಎಲೆ ತಂದು ಅದರ ಮೇಲೆ ಇಟ್ಟು ನನ್ನ ಮುಂದೆ ಸರಿಸಿದಳು. ನಾಯಿಗೆ ಸರಿಸಿದ ಹಾಗೆಯೇ.

"ಮುರೀಬಾರ್ದು. ಇಡೀದು ತಿನ್ಬೇಕು. ಅರಗಬೇಕು."

"ಅರಗಿಸ್ಕಂತೀನಿ."

"ಕಕ್ಕಿದ್ರೆ?"

"ನಾನು ಕಕ್ಕಾಕಿಲ್ಲ."

ಸ್ವಲ್ಪ ಕಹಿ ಎಂದದ್ದು ಸುಳ್ಳು. ಸುಟ್ಟ ಕಟ್ಟಿಗೆಗೆ ಹರಳೆಣ್ಣೆ ಸವರಿದ ಹಾಗಿತ್ತು. ಹಲ್ಲಿಗೆ ಕಲ್ಲು, ನಾಲಗೆಗೆ ಬೇವು, ಗಂಟಲಿಗೆ ಜೇಡಿಮಣ್ಣು. ಇದನ್ನು ನಾಯಿ ಹೇಗೆ ತಿಂದಿತು ಎಂದು ಅದರ ಮೇಲೆ ಗೌರವ ಬಂತು. ಮುಖದಲ್ಲಿ ಏನೂ ತೋರಿಸದೆ ಅಗಿದೆ. ನಾನು ಕಣ್ಣು ಮುಚ್ಚಿ ಮೂತಿ ಸೊಟ್ಟಗೆ ಮಾಡಿದ್ದೆ, ಅರ್ಧವನ್ನು ಮಾವನ ಕಡೆ ತಳ್ಳಿದೆ ಎಂದು ನನ್ನ ಗಂಡ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಅಪ್ಪಟ ಸುಳ್ಳು. ಮಾವ ತಾವಾಗಿಯೇ ಎಲೆಯ ಮೇಲಿನ ಪುಡಿಯನ್ನು ಬೆರಳಿಗೆ ಅಂಟಿಸಿ ನೆಕ್ಕಿ, "ಥೂ, ಇದಕ್ಕಾಗಿ ನಾಯಿ ಸಾಯ್ಬೇಕಾಗಿತ್ತಾ!" ಎಂದರು, ಅಷ್ಟೇ.

ತಿಂದು ಮುಗಿಸಿದೆ. ಎಲ್ಲರೂ ನನ್ನ ಸುತ್ತ ಕೂತರು. ಅವ್ವ ನೀರು ಕೊಟ್ಟಳು. ಅಜ್ಜಿಯ ಕೈಯಲ್ಲಿ ಸೀಳಿದ ಗೊಟ್ಟ ಇತ್ತು, ಪಕ್ಕದಲ್ಲಿ ಇದ್ದಿಲ ಮಜ್ಜಿಗೆ. "ಓಡಾಡ್ಬೇಕು ಅನ್ನಿಸ್ತೈತಾ? ನಡುಕ ಐತಾ?" ಎಂದು ಕೇಳುತ್ತಿದ್ದಳು. ಪೋಸ್ಟಿನ ನಾಯಿಗೆ ಆದದ್ದೆಲ್ಲವನ್ನೂ ಕೇಳಿದಳು. ನಾನು ಇಲ್ಲ ಇಲ್ಲ ಎಂದೆ. ಒಂದು ಸಲ ಹೊಟ್ಟೆಯಿಂದ ಏನೋ ಮೇಲಕ್ಕೆ ಬಂತು. ನಾನು ಹುಡುಗನ ಹಣೆಯ ಗೆರೆಯನ್ನು ನೋಡಿದೆ. ಅದು ಕೆಳಗೆ ಹೋಯಿತು. ಗುಡಾಣಗಳ ಸಂದಿನಿಂದ ನಾಯಿ ಎದ್ದು ಬಂದು ಬಾಗಿಲಲ್ಲಿ ಕೂತು, ಅದೂ ನನ್ನನ್ನೇ ನೋಡಿತು.

ಈ ನಾಯಿ ಆಮೇಲೆ ಮರಿ ಹಾಕಿತು, ಅದರಲ್ಲೊಂದನ್ನು ನಾನು ಗಂಡನ ಮನೆಗೆ ತೆಗೆದುಕೊಂಡು ಹೋದೆ ಎಂದು ಬರೆದರೆ ಎಲ್ಲ ಚೆನ್ನಾಗಿ ಹೊಂದುತ್ತಿತ್ತು. ಅದು ಗಂಡು ನಾಯಿ.

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅಜ್ಜಿ ಗೊಟ್ಟ ಕೆಳಗಿಟ್ಟಳು.

"ಅರಗ್ತಾ?"

"ಅರಗ್ತು."

"ಏಳ್ರೋ, ವೀಳ್ಯ ತಗಳ್ರಿ, ಬಸ್ಸು ಬಂತು!" ಎಂದು ಅಜ್ಜಿ ಕೂಗಿದಳು. ವೀಳ್ಯ ಬದಲಾಯಿಸುವುದು ನಡುಮನೆಯಲ್ಲಿ, ಕಂಬಳಿ ಹಾಸಿ, ಪೂರ್ವಕ್ಕೆ ಮುಖ ಮಾಡಿ. ಕಂಬಳಿ ಒದ್ದೆಯಾಗಿ ಬೇಲಿಯ ಮೇಲಿತ್ತು. ನಾವೆಲ್ಲ ರಸ್ತೆಗೆ ಓಡಿದೆವು, ನಾಯಿಯೂ ಹಿಂದೆಯೇ ಬಂತು. ಬಸ್ಸಿನ ಮೆಟ್ಟಿಲ ಹತ್ತಿರ ನಿಂತು ಅಜ್ಜಿ ಎಲೆ ಅಡಿಕೆಯನ್ನು ಮಾವನ ಕೈಗೆ ಕೊಟ್ಟಳು, ಮಾವ ಅಜ್ಜಿಯ ಕೈಗೆ ಕೊಟ್ಟರು, ಅವ್ವನಿಗೆ ಅಳುವೋ ನಗುವೋ ಗೊತ್ತಾಗಲಿಲ್ಲ. ಡ್ರೈವರ್ ಇಂಜಿನ್ ನಿಲ್ಲಿಸಿದ. ಕಂಡಕ್ಟರ್ ಇಳಿದು ಬಂದು ಕುರಿಮರಿಯ ದನಿ ಸರಿಹೋಯಿತೇ ಎಂದು ಕೇಳಿದ. ಅಜ್ಜಿ ಅವನಿಗೂ ಒಂದು ವೀಳ್ಯ ಕೊಟ್ಟಳು. ಅವನು ಅಲ್ಲೇ ಬಾಯಿಗೆ ಹಾಕಿಕೊಂಡು ಸೀಟಿ ಊದಿದ.

ಹುಡುಗ ಹತ್ತುವ ಮೊದಲು ನನ್ನ ಕಡೆ ನೋಡಿ ತಮ್ಮ ತುಟಿ ಒರೆಸಿಕೊಂಡರು. ಯಾಕೆಂದು ಆಗ ತಿಳಿಯಲಿಲ್ಲ. ಬಸ್ಸು ಹೋದ ಮೇಲೆ ಅವ್ವ ಹೇಳಿದಳು: ಮೂಗಿನ ತುದಿಯಿಂದ ಗಲ್ಲದ ತನಕ ನನ್ನ ಮುಖ ಚಾಕಲೇಟಾಗಿತ್ತು.

ಧೂಳು ಇಳಿಯುವ ತನಕ ನಿಂತಿದ್ದೆವು. ಅಜ್ಜಿ ನನ್ನ ಎದೆಯ ಮೇಲೆ ಅಂಗೈ ಇಟ್ಟಳು, ಡಾಕ್ಟರು ನಾಯಿಗೆ ಕೊಳವೆ ಇಟ್ಟ ಹಾಗೆ.

"ಓಡ್ತಾ ಐತಲ್ಲೇ," ಎಂದಳು. "ಚಾಕಲೇಟಿಗಾ?"

"ಊ ಅಜ್ಜಿ, ಚಾಕಲೇಟಿಗೆ," ಎಂದೆ.

"ಅಂಗಾದ್ರೆ ಕತ್ತಲೇಲಿ ಮಲಿಕ್ಕ, ನೀರು ಕುಡಿ, ಓಡ್ಬೇಡ," ಎಂದು ನಗುತ್ತ ಮುಂದೆ ನಡೆದಳು. ನಾನು ಅವಳ ಹಿಂದೆ, ನಾಯಿ ನನ್ನ ಹಿಂದೆ, ಮನೆಯ ತನಕ ಓಡಿದೆವು.